ಇತಿಹಾಸ ಕಲಿಯಲು ಕಡಲಾಚೆಗೆ

ಮನೆಯ ಹುಡುಗನೋ ಹುಡುಗಿಯೋ ಓದಲು ವಿದೇಶಕ್ಕೆ ಹೊರಟಿದ್ದಾರೆಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಯಾವ ಇಂಜಿನಿಯರಿಂಗ್?" ಎಂದು. "ಇತಿಹಾಸ" ಎಂಬ ಉತ್ತರ ಬಂದರೆ ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಾಗಿ, "ನಮ್ಮ ನಾಡಿನ ಇತಿಹಾಸ ಕಲಿಯುವುದಕ್ಕೆ ಪರದೇಶಕ್ಕೆ ಯಾಕೆ ಹೋಗಬೇಕು?" ಎನ್ನುತ್ತಾರೆ. ಈ ಎರಡನೆಯ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ನಾನು ಬಿ.ಎಸ್ಸಿ. ಓದಿ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾಗಿರುವವನು. ಇತಿಹಾಸ ನನಗೆ ಕೇವಲ ಹವ್ಯಾಸ. ಆದರೂ ವರ್ಗವಾಗಿ ವಿಜಯವಾಡಕ್ಕೆ ಬಂದ ಮೇಲೆ, ಇಂದ್ರಕೀಲಾದ್ರಿಯ ಸುತ್ತಮುತ್ತಲಿನ ಚರಿತ್ರೆಯನ್ನು ಓದುತ್ತ ಹೋದಂತೆ, ಆ ಪ್ರಶ್ನೆಗೆ ಇಲ್ಲಿಯೇ ಒಂದು ಉತ್ತರ ಸಿಗುತ್ತದೆಂದು ತೋರಿದ್ದರಿಂದ ಈ ನಾಲ್ಕು ಮಾತು.

ಬೆಟ್ಟದ ಬುಡದಲ್ಲಿ ಕನ್ನಡದ ಜಾಡು

ಕೃಷ್ಣಾ ನದಿಯ ದಂಡೆಯ ಮೇಲಿನ ಇಂದ್ರಕೀಲಾದ್ರಿ ಕನಕದುರ್ಗೆಯ ನೆಲೆಯೆಂಬುದು ಎಲ್ಲರಿಗೂ ತಿಳಿದದ್ದೇ. ಅರ್ಜುನ ತಪಸ್ಸು ಮಾಡಿ ಶಿವನಿಂದ ಪಾಶುಪತಾಸ್ತ್ರ ಪಡೆದ ಇಂದ್ರಕೀಲ ಪರ್ವತ ಇದೇ ಎಂದು ಇಲ್ಲಿಯವರ ನಂಬಿಕೆ. ಚರಿತ್ರೆಯ ಕಡೆಯಿಂದ ನೋಡಿದರೂ ಈ ಬೆಟ್ಟ ಕನ್ನಡಿಗನಿಗೆ ಹೊರಗಿನದೇನಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿ ಏಳನೆಯ ಶತಮಾನದ ಪೂರ್ವಾರ್ಧದಲ್ಲಿ ವೆಂಗಿನಾಡನ್ನು ಗೆದ್ದು, ತಮ್ಮನಾದ ಕುಬ್ಜ ವಿಷ್ಣುವರ್ಧನನನ್ನು ಇಲ್ಲಿ ಇರಿಸಿದ. ಅವನ ಸಂತತಿಯವರೇ ಪೂರ್ವ ಚಾಲುಕ್ಯರು. ಆ ವಂಶದ ಯುದ್ಧಮಲ್ಲನ ಶಾಸನಸ್ತಂಭ ಇಲ್ಲಿಯ ಮಲ್ಲೇಶ್ವರ ಗುಡಿಯಲ್ಲಿ ದೊರೆತಿದೆ. ತೆಲುಗಿನ ಅತಿ ಹಳೆಯ ಪದ್ಯಶಾಸನಗಳಲ್ಲಿ ಒಂದಾದ ಅದರಲ್ಲಿ ಗೊರಗರೆಂಬ ಶೈವರಿಗೆ ಮೀಸಲಾದ ಮಠದ ಮಾತು ಬರುತ್ತದೆ. ಮೈಲಾರಲಿಂಗನ ಗೊರವಯ್ಯನನ್ನು ಕಂಡ ಕನ್ನಡಿಗನ ಕಿವಿ ಆ ಪದ ಕೇಳಿದೊಡನೆ ನಿಮಿರುತ್ತದೆ.

ಆದಿಕವಿ ಪಂಪನ ಪೂರ್ವಿಕರು ವೆಂಗಿನಾಡಿನವರು. ತೆಲುಗಿನ ಆದಿಕವಿ ನನ್ನಯನಿಗೆ ಭಾರತ ರಚನೆಯಲ್ಲಿ ನೆರವಾದ ನಾರಾಯಣಭಟ್ಟನನ್ನು 1053ರ ನಂದಂಪೂಡಿ ಶಾಸನವು ಕನ್ನಡ ಭಾಷೆಯಲ್ಲಿಯೂ ಕವಿಯೆಂದು ಹೊಗಳುತ್ತದೆ. ಎರಡು ನುಡಿಗಳು ಒಂದೇ ಅಂಗಳದಲ್ಲಿ ಆಡಿಕೊಂಡಿದ್ದ ಈ ಕಾಲದ ಕಥೆಯನ್ನು ತಿಳಿಯಬೇಕಾದರೆ ಎರಡನ್ನೂ ಓದಬಲ್ಲವನು ಬೇಕು ಎಂಬುದನ್ನು ಇಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗೋಣ.

ಕಲಿಯಲು ಬಂದ ಪರದೇಶಿ

ವಿದ್ಯೆಗಾಗಿ ಗಡಿ ದಾಟುವುದು ಇಂದಿನ ಹೊಸ ಹುಚ್ಚಲ್ಲ. ಚೀನದ ಬೌದ್ಧಭಿಕ್ಷು ಹ್ಯೂಯೆನ್‌ತ್ಸಾಂಗ್ ಸುಮಾರು 639ರಲ್ಲಿ ಧಾನ್ಯಕಟಕಕ್ಕೆ ಬಂದ. ವಿಜಯವಾಡದಿಂದ ನದಿಯ ಮೇಲ್ಗಡೆಗೆ ಸುಮಾರು 35 ಕಿಲೋಮೀಟರು ದೂರದಲ್ಲಿರುವ ಅಮರಾವತಿ-ಧರಣಿಕೋಟೆಯೇ ಆ ಧಾನ್ಯಕಟಕ. ಆತ ಕಂಡ ಪಟ್ಟಣ ವಿಜಯವಾಡವೇ ಇರಬೇಕೆಂದು ವಾದಿಸಿದ ವಿದ್ವಾಂಸರೂ ಉಂಟು. ಅಲ್ಲಿ ಸುಭೂತಿ, ಸೂರ್ಯ ಎಂಬ ಇಬ್ಬರು ಭಿಕ್ಷುಗಳ ಬಳಿ ಕೆಲವು ತಿಂಗಳು ನಿಂತು ಮಹಾಸಾಂಘಿಕರ ಅಭಿಧರ್ಮವನ್ನು ಕಲಿತ. ಅವರು ಅವನಿಂದ ಮಹಾಯಾನದ ಶಾಸ್ತ್ರಗಳನ್ನು ಕಲಿತರು. ಕೊಟ್ಟು ಕೊಳ್ಳುವ ಈ ವ್ಯವಹಾರ ಸಾಧ್ಯವಾದದ್ದು ಆತ ನಾಲಂದದಲ್ಲಿ ವರ್ಷಗಟ್ಟಲೆ ಕುಳಿತು ಸಂಸ್ಕೃತವನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದರಿಂದ.

ಅದೇ ಯಾತ್ರೆಯಲ್ಲಿ ಆತ ಪುಲಕೇಶಿಯ ರಾಜ್ಯವನ್ನೂ ಕಂಡು ಬರೆದಿಟ್ಟ. ಆ ಬರಹವನ್ನು ಸ್ತಾನಿಸ್ಲಾಸ್ ಜೂಲಿಯೆನ್ 1857-58ರಲ್ಲಿ ಫ್ರೆಂಚಿಗೂ ಸ್ಯಾಮ್ಯುಯೆಲ್ ಬೀಲ್ 1884ರಲ್ಲಿ ಇಂಗ್ಲಿಷಿಗೂ ತಂದರು. ಹೀಗಾಗಿ ನಮ್ಮ ಪುಲಕೇಶಿಯ ಒಂದು ಸಾಕ್ಷಿ ಐಹೊಳೆಯ ಕಲ್ಲಿನ ಮೇಲಿದ್ದರೆ, ಇನ್ನೊಂದು ಸಾಕ್ಷಿ ಚೀನಕ್ಕೆ ಹೋಗಿ ಯುರೋಪನ್ನು ಸುತ್ತಿ ನಮ್ಮ ಶಾಲೆಯ ಪುಸ್ತಕಕ್ಕೆ ಬಂದಿತು.

ಕಿತ್ತೂರಿನಿಂದ ಅಮರಾವತಿಗೆ

ಬಂದವರೆಲ್ಲ ಭಿಕ್ಷುಗಳಾಗಿರಲಿಲ್ಲ. ಕಂಪನಿ ಸರಕಾರದ ಅಧಿಕಾರಿಗಳ ಪೈಕಿ ಕೆಲವರು ನಮ್ಮ ಚರಿತ್ರೆಯ ಸಾಮಗ್ರಿಯನ್ನು ಕೂಡಿಹಾಕಿದರು, ಕೂಡಿಹಾಕಿದ್ದರಲ್ಲಿ ಬಹುಪಾಲನ್ನು ಹಡಗಿಗೆ ಏರಿಸಿದರು. ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಊರೂರಿನ ಕೈಫಿಯತ್ತು, ಶಾಸನದ ನಕಲು, ಓಲೆಗರಿಗಳನ್ನು ಸಂಗ್ರಹಿಸಿದ. 1821ರಲ್ಲಿ ಆತ ತೀರಿಕೊಂಡ ಮೇಲೆ ಆ ಭಂಡಾರದ ಒಂದು ಪಾಲು ಲಂಡನ್ನಿಗೆ ಹೋಯಿತು, ಒಂದು ಪಾಲು ಮದರಾಸಿಗೆ ಸೇರಿತು. ಈ ಕೆಲಸದಲ್ಲಿ ಅವನ ಬಲಗೈಯಾಗಿದ್ದವನು ವಿಜಯವಾಡಕ್ಕೆ ಹತ್ತಿರದ ಏಲೂರಿನ ತರುಣ ಕಾವಲಿ ವೆಂಕಟ ಬೋರಯ್ಯ. ಹಳಗನ್ನಡ ಶಾಸನಗಳ ಅಕ್ಷರಗಳನ್ನು ಓದುವ ದಾರಿ ಕಂಡುಕೊಂಡ ಕೀರ್ತಿಯನ್ನು ಮೆಕೆಂಜಿಯೇ ಅವನಿಗೆ ಸಲ್ಲಿಸಿದ್ದಾನೆ. ತೆಲುಗಿನ ಹುಡುಗನೊಬ್ಬ ನಮ್ಮ ಶಾಸನಗಳಿಗೆ ಕಣ್ಣಾದನೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಇನ್ನೊಬ್ಬ ವಾಲ್ಟರ್ ಎಲಿಯಟ್. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಬಿದ್ದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಇವನೊಬ್ಬ. ಜೀವ ಉಳಿದ ಮೇಲೆ ಅದೇ ಧಾರವಾಡದ ಸೀಮೆಯಲ್ಲಿ ಸುತ್ತಾಡಿ ಐನೂರಕ್ಕೂ ಹೆಚ್ಚು ಕನ್ನಡ ನಾಡಿನ ಶಾಸನಗಳ ನಕಲು ಮಾಡಿಸಿದ. ಅದರ ಒಂದು ಪ್ರತಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ, ಇನ್ನೊಂದು ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಸೇರಿತು. ಮುಂದೆ ಗುಂಟೂರಿಗೆ ಬಂದ ಎಲಿಯಟ್ 1845ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಸಿದ. ಆ ಅಮೃತಶಿಲೆಯಂಥ ಶಿಲ್ಪಗಳು ಮದರಾಸಿಗೆ ಹೋಗಿ, ಅಲ್ಲಿಂದ 1859ರಲ್ಲಿ ಲಂಡನ್ನಿಗೆ ಸಾಗಿ, ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. 1877ರಲ್ಲಿ ಮತ್ತೆ ಅಲ್ಲಿಯೇ ಅಗೆದವನು ಕೃಷ್ಣಾ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸೂಯೆಲ್. 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಬರೆದು ಹಂಪೆಯನ್ನು ಜಗತ್ತಿಗೆ ನೆನಪಿಸಿದವನೂ ಇವನೇ.

ಆ ಪುಸ್ತಕದ ಜೀವಾಳವೆಂದರೆ ಪಾಯೆಸ್ ಮತ್ತು ನೂನಿಜ್ ಎಂಬ ಇಬ್ಬರು ಪೋರ್ಚುಗೀಸರ ವೃತ್ತಾಂತಗಳು. ಅವುಗಳ ಹಸ್ತಪ್ರತಿ ಇದ್ದದ್ದು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ. 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಕೃಷ್ಣದೇವರಾಯ ವಿಜಯವಾಡದ ಪಕ್ಕದ ಕೊಂಡಪಲ್ಲಿ ಕೋಟೆಗೆ ಹಾಕಿದ ಮುತ್ತಿಗೆಯ ಕಥೆ ನೂನಿಜನ ಬರಹದಲ್ಲಿದೆ. ಕೋಟೆ ಇಲ್ಲಿ, ರಾಯನ ರಾಜಧಾನಿ ಹಂಪೆಯಲ್ಲಿ, ಕಥೆ ಪೋರ್ಚುಗೀಸಿನಲ್ಲಿ, ಕಾಗದ ಪ್ಯಾರಿಸಿನಲ್ಲಿ! ನಮ್ಮ ಇತಿಹಾಸಕ್ಕೆ ಪರದೇಶಕ್ಕೆ ಯಾಕೆ ಹೋಗಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರ ನನಗೆ ತಿಳಿಯದು.

ಹೋಗಿಬಂದ ನಮ್ಮವರು

ಈ ಕಾರಣಕ್ಕೋ ಒಳ್ಳೆಯ ಗುರುಗಳಿಗಾಗಿಯೋ ಸಮುದ್ರ ದಾಟಿದ ಕನ್ನಡಿಗರು ಕೆಲವರಿದ್ದಾರೆ. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಲಂಡನ್ನಿನಲ್ಲಿ ಡಿ.ಲಿಟ್. ಪಡೆದು ಬಂದು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದರು. ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅಗೆತ ನಡೆಸಿದರು. 1936ರಲ್ಲಿ ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದವರು ಅವರೇ. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಬೇಕೆಂದು ಕೇಳುವಾಗಲೆಲ್ಲ ನಾವು ಮುಂದಿಟ್ಟದ್ದು ಆ ಕಲ್ಲನ್ನೇ. 2008ರಲ್ಲಿ ಆ ಸ್ಥಾನ ದೊರೆಯಿತು.

ದಕ್ಷಿಣ ಕನ್ನಡದ ಭಾಸ್ಕರ ಆನಂದ ಸಾಲೆತೊರೆ ಅವರು ಲಂಡನ್ ವಿಶ್ವವಿದ್ಯಾಲಯಕ್ಕಾಗಿ ವಿಜಯನಗರದ ಸಾಮಾಜಿಕ ಮತ್ತು ರಾಜಕೀಯ ಜೀವನವನ್ನು ಕುರಿತು ಸಂಶೋಧನೆ ಮಾಡಿದರು. 1934ರಲ್ಲಿ ಅದು ಎರಡು ಸಂಪುಟಗಳಲ್ಲಿ ಹೊರಬಂದಿತು. ಜರ್ಮನಿಯ ಗೀಸೆನ್ನಿನಲ್ಲಿಯೂ ಡಾಕ್ಟರೇಟ್ ಪಡೆದ ಅವರು ಮುಂದೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ನಿರ್ದೇಶಕರಾಗಿದ್ದರು. ಅವರ ಗ್ರಂಥವನ್ನು ತೆರೆದರೆ ಪೋರ್ಚುಗೀಸರ ಮಾತಿನ ಮಗ್ಗುಲಲ್ಲಿಯೇ ಕನ್ನಡದ ಶಾಸನಗಳು ಸಾಲುಸಾಲಾಗಿ ನಿಂತಿರುವುದು ಕಾಣುತ್ತದೆ. ಸೂಯೆಲ್ ದೊರೆ ಅಧಿಕಾರಿಯ ಕಣ್ಣಿನಿಂದ ಅರಮನೆ ಮತ್ತು ಯುದ್ಧಗಳನ್ನು ನೋಡಿದರೆ, ಸಾಲೆತೊರೆಯವರು ಗ್ರಾಮಸಭೆ, ತೆರಿಗೆ, ಹಬ್ಬ, ಊಟ, ಉಡಿಗೆಗಳವರೆಗೆ ಇಳಿದರು.

ಡಾ. ಬಿ. ಷೇಕ್ ಅಲಿ ಅವರು ಆಲಿಘಡದಲ್ಲಿಯೂ ಲಂಡನ್ನಿನಲ್ಲಿಯೂ ಓದಿ ಹೈದರ್-ಟಿಪ್ಪು ಕಾಲದ ಮೈಸೂರಿನ ಮೇಲೆ ಕೆಲಸ ಮಾಡಿದರು. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. ಹಾವೇರಿಯ ವಸುಂಧರಾ ಫಿಲಿಯೋಜಾ ಅವರು ಪ್ಯಾರಿಸಿನಲ್ಲಿ ಓದಿ, ಆರಂಭದಿಂದ 1377ರವರೆಗಿನ ವಿಜಯನಗರದ ಶಾಸನಗಳ ಮೇಲೆ ಫ್ರೆಂಚಿನಲ್ಲಿ ಗ್ರಂಥ ಬರೆದರು. 1973ರಲ್ಲಿ ಅದು ಪ್ರಕಟವಾಯಿತು. ಹಸ್ತಪ್ರತಿಯನ್ನು ಹಿಡಿದಿಟ್ಟಿದ್ದ ಪ್ಯಾರಿಸಿಗೆ ಕನ್ನಡದ ಕಲ್ಲುಗಳ ಮಾತನ್ನು ಮುಟ್ಟಿಸಿದ ಹೆಣ್ಣುಮಗಳು ಅವರು. ಅಂದಿನ ಬಳ್ಳಾರಿ ಜಿಲ್ಲೆಯ ಹಂಪಸಾಗರದ ಷ. ಶೆಟ್ಟರ್ ಅವರು ಧಾರವಾಡದ ಡಾಕ್ಟರೇಟಿನ ಜೊತೆಗೆ ಕೇಂಬ್ರಿಜ್ಜಿನ ಡಾಕ್ಟರೇಟನ್ನೂ ಪಡೆದವರು. ಬಹುಕಾಲ ಇಂಗ್ಲಿಷಿನಲ್ಲಿ ಬರೆದ ಅವರು ಕೊನೆಯ ವರ್ಷಗಳಲ್ಲಿ ಕನ್ನಡಕ್ಕೆ ಮರಳಿ, ಹಳಗನ್ನಡದ ಲಿಪಿ ಮತ್ತು ಲಿಪಿಕಾರರ ಮೇಲೆ ದೊಡ್ಡ ಗ್ರಂಥಗಳನ್ನು ಕೊಟ್ಟು 2020ರಲ್ಲಿ ತೀರಿಕೊಂಡರು.

ಹೋಗದೆಯೂ ದೊಡ್ಡ ಕೆಲಸ ಮಾಡಿದವರನ್ನು ಮರೆಯುವಂತಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕುಳಿತೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಪರದೇಶದ ವಿದ್ವಾಂಸರೇ ಅವರತ್ತ ತಿರುಗಿ ನೋಡಿದರು. ಹೋದವರಿಗೂ ಹೋಗದವರಿಗೂ ಸಮಾನವಾದದ್ದು ಒಂದು: ಮೂಲವನ್ನು ಅದರ ಭಾಷೆಯಲ್ಲಿ, ಅದರ ಲಿಪಿಯಲ್ಲಿ ಓದುವ ಶಕ್ತಿ. ಆ ಶಕ್ತಿಯನ್ನು ಅವರು ಹಡಗು ಹತ್ತುವ ಮೊದಲೇ ಸಂಪಾದಿಸಿದ್ದರು.

ಹೋಗುವವರಿಗೆ

ಇಂದು ಹೋಗಬಯಸುವವರ ಮುಂದೆ ಅನುಕೂಲಗಳೂ ಇವೆ, ಅಡಚಣೆಗಳೂ ಇವೆ. ಇಂಗ್ಲೆಂಡಿನಲ್ಲಿ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷ. ಆದರೆ ವಿದೇಶೀಯರಿಗೆ ಶುಲ್ಕ ಬಲು ದುಬಾರಿ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ 1962ರಿಂದ ದಕ್ಷಿಣ ಏಷ್ಯಾ ಅಧ್ಯಯನ ಸಂಸ್ಥೆ ನಡೆಸುತ್ತಿರುವ ಹೈಡಲ್‌ಬರ್ಗ್ ಇರುವ ರಾಜ್ಯದಲ್ಲಿ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಆರು ತಿಂಗಳ ಅವಧಿಗೆ 1500 ಯೂರೊ ಶುಲ್ಕವಿದೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಗೆ ಆರಿಸಿಕೊಂಡವರ ಖರ್ಚನ್ನು ಹೆಚ್ಚಾಗಿ ತಾವೇ ಹೊರುತ್ತವೆ, ಆದರೆ ಆರಿಸಿಕೊಳ್ಳುವುದು ಕೆಲವರನ್ನು ಮಾತ್ರ.

ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಿಂದ, ಭಾರತದ ಇತಿಹಾಸ, ಸಂಸ್ಕೃತಿ, ಸಮಾಜಗಳನ್ನು ಕುರಿತ ವಿಷಯಗಳನ್ನು 2022ರ ಮಾರ್ಗಸೂಚಿಯಲ್ಲಿ ಕೈಬಿಡಲಾಯಿತು. ಇವನ್ನು ಇಲ್ಲಿಯೇ ಓದಬಹುದಲ್ಲ ಎಂಬುದು ಅದರ ಹಿಂದಿನ ವಾದ. ಸರಕಾರಿ ನೌಕರನಾದ ನಾನು ವಾದಕ್ಕೆ ಇಳಿಯುವುದಿಲ್ಲ. ಎಲಿಯಟ್ಟನ ನಕಲುಗಳು ಎಡಿನ್‌ಬರೊದಲ್ಲಿ, ಮೆಕೆಂಜಿಯ ಕಾಗದಗಳು ಲಂಡನ್ನಿನಲ್ಲಿ, ನೂನಿಜನ ಪ್ರತಿ ಪ್ಯಾರಿಸಿನಲ್ಲಿ ಎಂದು ಮೇಲೆ ಹೇಳಿದ ವಿಳಾಸಗಳನ್ನು ಮಾತ್ರ ಮತ್ತೊಮ್ಮೆ ನೆನಪಿಸುತ್ತೇನೆ. ಕೈಯಲ್ಲಿ ಹಣವಿರುವವರ ಮಕ್ಕಳಷ್ಟೇ ಆ ವಿಳಾಸಗಳಿಗೆ ಹೋಗುವಂತಾದರೆ, ನಮ್ಮ ಚರಿತ್ರೆಯನ್ನು ಕೇಳುವ ಪ್ರಶ್ನೆಗಳೂ ಅಷ್ಟಕ್ಕೇ ಸೀಮಿತವಾಗುತ್ತವೆ.

ಇತ್ತೀಚೆಗೆ ಎಷ್ಟೋ ಹಸ್ತಪ್ರತಿಗಳ, ಶಾಸನ ಸಂಪುಟಗಳ ಚಿತ್ರಗಳನ್ನು ಮನೆಯಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ನೋಡಬಹುದಾಗಿದೆ. ಪುಟ ಕಣ್ಣ ಮುಂದೆ ಬಂದರೆ ಸಾಲದು, ಓದಲು ಬರಬೇಕು. ಜರ್ಮನಿಯ ಮ್ಯೂನಿಕ್ಕಿನಲ್ಲಿ ಕನ್ನಡ ಕಲಿಸಿದ ರಾಬರ್ಟ್ ಝೈಡೆನ್‌ಬಾಸ್ ಅವರು ಪರಭಾಷೆಯವರಿಗಾಗಿ ಹೊಸಗನ್ನಡದ ಕೈಪಿಡಿಯನ್ನು 2020ರಲ್ಲಿ ಹೊರತಂದರು. ಅಲ್ಲಿಯ ಹುಡುಗರು ಅ ಆ ಇ ಈ ತಿದ್ದಿ ನಮ್ಮ ಶಾಸನಗಳ ಕಡೆಗೆ ನಡೆದು ಬರುತ್ತಿರುವಾಗ, ನಮ್ಮ ಮನೆಯ ಹುಡುಗರು ಕನ್ನಡವನ್ನು ಅಡುಗೆಮನೆಯ ಮಾತಾಗಿ ಮಾತ್ರ ಬಲ್ಲವರಾಗಿ ಅದೇ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರೆ, ಅಲ್ಲಿ ಅವರಿಗೆ ಹೆಚ್ಚಿನ ಹಕ್ಕೇನೂ ಇರುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಒಂದು ಅನುಕೂಲವಿದೆ. ನಮ್ಮ ಮಕ್ಕಳು ಹುಟ್ಟಿನಿಂದಲೇ ಎರಡು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ವಿಜಯವಾಡದ ಕನ್ನಡದ ಹುಡುಗಿಗೆ ಬೀದಿಯ ಬೋರ್ಡುಗಳಿಂದಲೇ ತೆಲುಗು ಲಿಪಿ ಬರುತ್ತದೆ. ಆ ಲಿಪಿಯೂ ನಮ್ಮದೂ ಒಂದೇ ಬೇರಿನವು. ಮನೆಯಲ್ಲಿ ಕನ್ನಡದ ಓದು ಬರಹವನ್ನೂ ಕಲಿಸಿದರೆ ಯುದ್ಧಮಲ್ಲನ ಕಂಬಕ್ಕೂ ಹಲ್ಮಿಡಿಯ ಕಲ್ಲಿಗೂ ನಡುವೆ ಓಡಾಡಬಲ್ಲ ವಿದ್ಯಾರ್ಥಿನಿ ತಯಾರಾಗುತ್ತಾಳೆ. ನಾರಾಯಣಭಟ್ಟನಿಗೆ ಇದ್ದ ಸಂಪತ್ತು ಅದೇ.

ಇದಕ್ಕಾಗಿ ಸಂಘಗಳು ದೊಡ್ಡ ಯೋಜನೆ ಹಾಕಬೇಕಾಗಿಲ್ಲ. ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರಮಾಲೆ ಮುಗಿದ ಮಕ್ಕಳಿಗೆ ತಿಂಗಳಿಗೊಂದು ಹಳಗನ್ನಡದ ಪದ್ಯ ಓದಿಸಬಹುದು. ವರ್ಷಕ್ಕೊಮ್ಮೆ ನಡೆಸುವ ಪ್ರವಾಸದಲ್ಲಿ ದೇವರ ದರ್ಶನವಾದ ಮೇಲೆ ಗುಡಿಯ ಗೋಡೆಯ ಶಾಸನದ ಮುಂದೆಯೂ ಹತ್ತು ನಿಮಿಷ ನಿಲ್ಲಿಸಬಹುದು. ಇಷ್ಟನ್ನು ಮಾಡಿದ ಮೇಲೆ ನಮ್ಮ ನಡುವಿನ ಒಬ್ಬ ಹುಡುಗಿ "ನಾನು ಇತಿಹಾಸ ಓದಲು ಲಂಡನ್ನಿಗೆ ಹೋಗುತ್ತೇನೆ" ಎಂದರೆ, ಗಾಬರಿಯಾಗದೆ, "ಹೋಗಿ ಬಾ ಮಗಳೆ, ಅಲ್ಲಿರುವ ನಮ್ಮ ಕಾಗದಗಳನ್ನು ಓದಿಕೊಂಡು ಬಾ" ಎಂದು ಹರಸುವ ಧೈರ್ಯ ತಂದೆತಾಯಿಗಳಿಗೆ ಬರುತ್ತದೆ.