ಜಾವಾ ಚಕ್ರದೊಳಗಿನ ಕಬ್ಬಿಣದ ಬಳೆ



ಪುಣೆಯಲ್ಲೋ ಹೈದರಾಬಾದಿನಲ್ಲೋ ಭಾನುವಾರ ಬೆಳಿಗ್ಗೆ ಜೋಡಿ ಸೈಲೆನ್ಸರಿನ ಆ ಹಳೆಯ ಸದ್ದು ಕೇಳಿದರೆ ತಿರುಗಿ ನೋಡದ ಮೈಸೂರಿನವರು ಕಡಿಮೆ. ಜಾವಾ! ಹೆಸರು ಚೆಕ್ ನಾಡಿನದು. ನಮ್ಮ ಬೀದಿಗಳಲ್ಲಿ ಓಡಿದ ಬಹುಪಾಲು ಗಾಡಿಗಳು ತಯಾರಾದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1973ರಲ್ಲಿ ಅದೇ ಗಾಡಿ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಹಳೆಯ ಜಾವಾ ಇಟ್ಟುಕೊಂಡವರು ಬಣ್ಣಕ್ಕೆ, ಕ್ರೋಮಿಗೆ ಕೈತುಂಬ ಖರ್ಚು ಮಾಡುತ್ತಾರೆ. ಬ್ರೇಕ್ ಡ್ರಮ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ, ಗಾಡಿ ನಿಲ್ಲದೆ ಮುಂದಿನ ಆಟೋಗೆ ಮುತ್ತಿಡುವವರೆಗೆ.

ಡ್ರಮ್ ಬ್ರೇಕಿಗೆ ಫ್ರಾನ್ಸಿನ ಲೂಯಿ ರೆನೋ ಪೇಟೆಂಟ್ ಪಡೆದದ್ದು 1902ರಲ್ಲಿ. ತಿರುಗುವ ಬಳೆಯ ಒಳಗೋಡೆಗೆ ಎರಡು ಶೂಗಳು ಒತ್ತುತ್ತವೆ, ಅಷ್ಟೇ. ಆ ಶೂಗಳಿಗೆ ಲೈನಿಂಗ್ ಅಂಟಿಸುವ ಉದ್ಯಮ ಬೆಳೆಸಿದವರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಮುಖ್ಯರು. ಅವರ ಫೆರೋಡೋ ಕಂಪನಿಯ ಹೆಸರು, ಅವರದೇ ಹೆಸರಿನ ಅಕ್ಷರಗಳನ್ನು ಕಲಸಿ, ಒಂದು ಅಕ್ಷರ ಸೇರಿಸಿ ಮಾಡಿದ್ದು. ಮುಂದೆ ಲೈನಿಂಗಿಗೆ ಕಲ್ನಾರು ಬಂತು. ಶಾಖಕ್ಕೆ ಜಗ್ಗದ ವಸ್ತು, ಆದರೆ ಶ್ವಾಸಕೋಶಕ್ಕೆ ವಿಷ. ಆದ್ದರಿಂದ ಹಳೆಯ ಡ್ರಮ್ ಬಿಚ್ಚಿದಾಗ ದಯವಿಟ್ಟು ಉಫ್ ಎಂದು ಊದಬೇಡಿ, ಗಾಳಿಯ ಪೈಪನ್ನೂ ಹಿಡಿಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಜಾವಾದ ಹಬ್ ಅಲ್ಯೂಮಿನಿಯಂನದು. ಅದರೊಳಗೆ ಬೀಡುಕಬ್ಬಿಣದ ಬಳೆ. ಶೂ ಉಜ್ಜುವುದು ಈ ಬಳೆಯನ್ನೇ. ದಶಕಗಳು ಉಜ್ಜಿದ ಮೇಲೆ ಗೀರು ಬೀಳುತ್ತದೆ, ಅಂಚಿನಲ್ಲಿ ಏಣು ಏಳುತ್ತದೆ, ದುಂಡಗಿದ್ದದ್ದು ಮೊಟ್ಟೆಯಾಗುತ್ತದೆ. ಬ್ರೇಕ್ ಹಿಡಿದಾಗ ಲಿವರ್ ಮಿಡಿಯುತ್ತಿದ್ದರೆ ಅನುಮಾನಪಡಿ. ಒಳ ಅಳತೆಯನ್ನು ಒಂದೇ ಕಡೆ ತೆಗೆದರೆ ಸಾಲದು, ನಾಲ್ಕೈದು ಕಡೆ ತೆಗೆಸಿ.

ಗೀರು ಸಣ್ಣದಾದರೆ ಲೇತಿನಲ್ಲಿ ಒಂದು ತೆಳು ಪದರ ಕೆರೆಸಿದರೆ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಎಳೆದು ಕಟ್ಟಿದ ಕಡ್ಡಿಗಳು ಹಬ್ಬನ್ನು ಕೂದಲೆಳೆಯಷ್ಟು ಸೊಟ್ಟ ಮಾಡುತ್ತವೆ. ಹಬ್ ಬಿಚ್ಚಿ ಕೆರೆಸಿ, ಆಮೇಲೆ ಕಡ್ಡಿ ಕಟ್ಟಿದರೆ ಡ್ರಮ್ ಮತ್ತೆ ಸೊಟ್ಟ. ಇಡೀ ಚಕ್ರವನ್ನೇ ಲೇತಿಗೆ ಏರಿಸಬೇಕು. ಅಷ್ಟು ದೊಡ್ಡ ಲೇತ್ ಇರುವ ಅಂಗಡಿ ಹುಡುಕುವುದೇ ಒಂದು ಯಾತ್ರೆ. ಡ್ರಮ್ ಅಗಲವಾದಷ್ಟೂ ಶೂ ನಡುವೆ ಮಾತ್ರ ತಾಗುತ್ತದೆ. ಹಾಗಾಗಿ ದಪ್ಪ ಲೈನಿಂಗ್ ಹಾಕಿಸಿ, ಹೊಸ ಅಳತೆಗೆ ದುಂಡಗೆ ಉಜ್ಜಿಸಬೇಕು.

ಆದರೆ ಕೆರೆದ ಕಬ್ಬಿಣ ಮರಳಿ ಬಾರದು. ಬಳೆ ತೀರಾ ತೆಳುವಾದರೆ ಶಾಖಕ್ಕೆ ಬಿರುಕು ಬಿಡುತ್ತದೆ. ಆಗ ಉಳಿಯುವ ದಾರಿ ಎರಡು: ಬೇರೆ ಹಬ್ ಹುಡುಕುವುದು, ಇಲ್ಲವೇ ಹಳೆಯ ಬಳೆ ಕೆರೆದು ತೆಗೆದು ಹೊಸ ಸ್ಲೀವ್ ಕೂರಿಸುವುದು. ನನ್ನ ಮತ ಎರಡನೆಯದಕ್ಕೆ. ಕಾರ್ಖಾನೆಯೇ ಇಲ್ಲದ ಮೇಲೆ ಆ ಹಬ್ ಮತ್ತೆ ಎರಕವಾಗುವುದಿಲ್ಲವಲ್ಲ. ಹಬ್ಬನ್ನು ಕಾಯಿಸಿದರೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ; ತಣ್ಣನೆಯ ಸ್ಲೀವನ್ನು ಒಳಗಿಳಿಸಿದರೆ ಆರುವಾಗ ಗಪ್ಪನೆ ಕಚ್ಚಿಕೊಳ್ಳುತ್ತದೆ. ಇದೇ ಗುಣ ಅಪಾಯವೂ ಹೌದು. ಬಿಗಿ ಕಡಿಮೆಯಾದರೆ, ಬ್ರೇಕ್ ಕಾದಾಗ ಹಬ್ ಹಿಗ್ಗಿ ಸ್ಲೀವ್ ಒಳಗೇ ತಿರುಗೀತು. ಅಗ್ಗಕ್ಕೆ ಮಾಡಿಕೊಡುವೆನೆಂದವರ ಕೈಗೆ ಕೊಡಬೇಡಿ.

ಎಲ್ಲ ಮುಗಿದ ಮೇಲೂ ಹೊಸ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಮೆಲ್ಲಗೆ ಹಿಡಿದು ಬಿಡಿ, ಆರಲು ಬಿಡಿ. ಲೋನಾವಳದ ಘಾಟಿ ಮುಂದಿನ ತಿಂಗಳಿಗಿರಲಿ.