ರಾತ್ರಿಯ ರಕ್ತಲೇಪದಿಂದ ಹತ್ತು ನಿಮಿಷದ ಪಟ್ಟಿಗೆ: ಆನೆಕಾಲು ಹುಳುವಿನ ಪತ್ತೆ ಪರೀಕ್ಷೆಗಳ ಚರಿತ್ರೆ

ರಾಯಚೂರು ಜಿಲ್ಲೆ ಎರಡು ಹುಳುರೋಗಗಳನ್ನು ಕಂಡಿದೆ. ಮೊದಲನೆಯದು ನಾರುಹುಣ್ಣು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ವರ್ಷದ ಹೊತ್ತಿಗೆ ಹುಳು ತಾನಾಗಿಯೇ ಹೊರಬರುತ್ತಿತ್ತು. ಅದನ್ನು ಗುರುತಿಸಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ, ಕಣ್ಣು ಸಾಕಿತ್ತು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದಾಖಲಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಪ್ರಮಾಣೀಕರಿಸಿತು. ಎರಡನೆಯದು ಆನೆಕಾಲು ರೋಗ, ಅಂದರೆ ಫೈಲೇರಿಯಾ. ಇದರ ಹುಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಅಡಗಿ ಕೂರುತ್ತದೆ, ಎಂದೂ ಹೊರಗೆ ಬರುವುದಿಲ್ಲ. ಕಾಲು ಊದಿಕೊಂಡು ರೋಗ ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹೀಗಾಗಿ ಇದನ್ನು ಮೊದಲೇ ಹಿಡಿಯುವ ಪ್ರಯತ್ನಕ್ಕೆ ಒಂದೂವರೆ ಶತಮಾನದ ಚರಿತ್ರೆಯಿದೆ.

ಈ ಚರಿತ್ರೆಯಲ್ಲಿ ಹೊಸ ಪರೀಕ್ಷೆ ಬಂದಾಗಲೆಲ್ಲ ಹಳೆಯದಕ್ಕಿಂತ ಇದು ಎಷ್ಟು ಮೇಲು ಎಂಬ ಪ್ರಶ್ನೆಯೇ ಮುಂದೆ ಬಂದಿದೆ. ಆ ಪ್ರಶ್ನೆ ಅರ್ಧ ಸತ್ಯವನ್ನಷ್ಟೇ ಹಿಡಿಯುತ್ತದೆ ಎಂಬುದು ನನ್ನ ವಾದ. ಒಂದೊಂದು ಪರೀಕ್ಷೆ ಹುಳುವಿನ ಬದುಕಿನ ಒಂದೊಂದು ಘಟ್ಟವನ್ನು ನೋಡುತ್ತದೆ. ಯಾವುದು ಏನನ್ನು ನೋಡುತ್ತದೆ ಎಂದು ತಿಳಿಯದೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ.

1863ರಲ್ಲಿ ಪ್ಯಾರಿಸಿನ ದೆಮಾರ್ಕೆ ವೃಷಣದ ಊತದಿಂದ ತೆಗೆದ ನೀರಿನಲ್ಲಿ ಮರಿಹುಳುಗಳನ್ನು ಕಂಡ. 1872ರಲ್ಲಿ ಕಲ್ಕತ್ತದಲ್ಲಿ ತಿಮೊಥಿ ಲೂಯಿಸ್ ಅವು ರಕ್ತದಲ್ಲಿಯೂ ಇರುವುದನ್ನು ತೋರಿಸಿದ. ಚೀನಾದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್‌ಸನ್ 1877ರಲ್ಲಿ ಇವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಕಂಡುಕೊಂಡ. ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ತಂಗುವ ಮರಿಹುಳುಗಳು ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ರಾತ್ರಿ ಹತ್ತರಿಂದ ಎರಡರವರೆಗೆ ಅವುಗಳ ಸಂಖ್ಯೆ ಏರಿರುತ್ತದೆ.

ರಾತ್ರಿಯ ರಕ್ತಲೇಪ ಹುಟ್ಟಿದ್ದು ಈ ತಿಳಿವಿನಿಂದ. 1955ರಲ್ಲಿ ಶುರುವಾದ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಅದನ್ನೇ ಆಧಾರ ಮಾಡಿಕೊಂಡಿತು. ಬೆರಳು ಚುಚ್ಚಿ ತೆಗೆದ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ದಪ್ಪಗೆ ಹರಡಿ ಒಣಗಿಸುತ್ತಾರೆ. ನೀರಿನಲ್ಲಿ ಅದ್ದಿ ಕೆಂಪು ಬಣ್ಣ ಬಿಡಿಸಿ, ಬಣ್ಣಕಟ್ಟಿ, ಸೂಕ್ಷ್ಮದರ್ಶಕದಡಿ ಸಾಲುಸಾಲಾಗಿ ಹುಡುಕುತ್ತಾರೆ. ಮರಿಹುಳುವಿನ ಬಾಲದ ತುದಿಯಲ್ಲಿ ಜೀವಕೋಶದ ಚುಕ್ಕೆಗಳಿಲ್ಲದಿದ್ದರೆ ಅದು ವುಚೆರೇರಿಯಾ ಬ್ಯಾಂಕ್ರಾಫ್ಟಿ. ಎರಡು ಚುಕ್ಕೆಗಳಿದ್ದರೆ ಬ್ರೂಜಿಯಾ ಮಲಾಯಿ. ಭಾರತದಲ್ಲಿ ಮೊದಲನೆಯದೇ ಹೆಚ್ಚು, ನಮ್ಮ ಕಡೆಯದೂ ಅದೇ.

ಸ್ಲೈಡಿನಲ್ಲಿ ಮರಿಹುಳು ಸಿಕ್ಕರೆ ಆ ವ್ಯಕ್ತಿಯಿಂದ ಸೊಳ್ಳೆಗೆ ಸೋಂಕು ದಾಟಬಲ್ಲದು ಎಂದು ನೇರವಾಗಿ ಹೇಳಬಹುದು. ಈ ಖಚಿತತೆ ಬೇರೆ ಪರೀಕ್ಷೆಗಳಿಗಿಲ್ಲ. ಆದರೆ ಒಂದೆರಡು ಹನಿ ರಕ್ತದಲ್ಲಿ ಸಿಗದಷ್ಟು ಕಡಿಮೆ ಮರಿಹುಳುಗಳಿರುವವರು ತಪ್ಪಿಸಿಕೊಳ್ಳುತ್ತಾರೆ. ನಮ್ಮ ಜಿಲ್ಲೆಯ ಸಾಲಗುಂದದಂಥ ಊರಿನಲ್ಲಿ ಇನ್ನೊಂದು ತೊಡಕೂ ಇದೆ: ಗುಳೆ ಹೋದವರು ಸಮೀಕ್ಷೆಯ ರಾತ್ರಿ ಮನೆಯಲ್ಲಿರುವುದಿಲ್ಲ. ದುಡಿಯುವ ವಯಸ್ಸಿನ ಗಂಡಸರಲ್ಲಿ ಸೋಂಕು ಸಾಮಾನ್ಯವಾಗಿ ಹೆಚ್ಚು. ಅವರೇ ಲೆಕ್ಕದಿಂದ ಹೊರಗುಳಿದರೆ ಬರುವ ಶೇಕಡಾವಾರು ಊರಿನ ನಿಜಸ್ಥಿತಿಯನ್ನು ಹೇಳದು. ರಾತ್ರಿಯ ಕಷ್ಟ ತಪ್ಪಿಸಲು ಡಿಇಸಿ ಎಂಬ ಔಷಧಿಯ ಮಾತ್ರೆ ನುಂಗಿಸಿ ಹಗಲಲ್ಲೇ ಮರಿಹುಳುಗಳನ್ನು ರಕ್ತಕ್ಕೆ ಎಬ್ಬಿಸುವ ವಿಧಾನವನ್ನೂ ಬಳಸಿದರು. ಅದೂ ಸೂಕ್ಷ್ಮದರ್ಶಕವನ್ನೇ ನೆಚ್ಚಿದ್ದು.

ನಿಜವಾದ ತಿರುವು 1990ರ ದಶಕದಲ್ಲಿ ಬಂತು. ಬೆಳೆದ ಹುಳು ರಕ್ತಕ್ಕೆ ಬಿಡುವ ಪ್ರತಿಜನಕವನ್ನು ಹಿಡಿಯುವ ಕಾರ್ಡ್ ಪರೀಕ್ಷೆ ಬಳಕೆಗೆ ಸಿಕ್ಕಿತು. ಪ್ರತಿಜನಕಕ್ಕೆ ಹಗಲು ರಾತ್ರಿ ಎಂಬುದಿಲ್ಲವಾದ್ದರಿಂದ ಶಾಲೆಯ ಹೊತ್ತಿನಲ್ಲೇ ಮಕ್ಕಳ ರಕ್ತ ತೆಗೆಯಬಹುದು. ಅದೇ ತತ್ತ್ವದ ಮೇಲೆ 2013ರ ಸುಮಾರಿಗೆ ಫೈಲೇರಿಯಾ ಪರೀಕ್ಷಾ ಪಟ್ಟಿ ಬಂತು. ಹೋಲಿಕೆಯ ಅಧ್ಯಯನಗಳಲ್ಲಿ ಈ ಪಟ್ಟಿ ಕಾರ್ಡಿಗಿಂತ ಹೆಚ್ಚು ಸೋಂಕಿತರನ್ನು ಹಿಡಿಯಿತು. ಸಾಮಾನ್ಯ ಉಷ್ಣಾಂಶದಲ್ಲಿ ಹೆಚ್ಚು ಕಾಲ ಬಾಳುವುದು ಅದರ ಇನ್ನೊಂದು ಅನುಕೂಲ. ಆದರೂ ಅದನ್ನು 37 ಡಿಗ್ರಿಯೊಳಗೆ ಇಡಬೇಕೆಂಬ ಸೂಚನೆಯಿದೆ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಇದನ್ನು ಮರೆಯುವಂತಿಲ್ಲ. 75 ಮೈಕ್ರೊಲೀಟರ್ ರಕ್ತವನ್ನು ಸಣ್ಣ ಕೊಳವೆಯಿಂದ ಹಾಕಿ, ಸರಿಯಾಗಿ ಹತ್ತು ನಿಮಿಷಕ್ಕೆ ಗೆರೆ ನೋಡಬೇಕು. ತಡವಾಗಿ ನೋಡಿದರೆ ಸೋಂಕಿಲ್ಲದವರಲ್ಲೂ ಮಸುಕು ಗೆರೆ ಮೂಡಬಹುದು. ಮಧ್ಯ ಆಫ್ರಿಕಾದಲ್ಲಿ ಲೋವಾ ಎಂಬ ಬೇರೆ ಹುಳು ಇರುವವರಲ್ಲಿ ಈ ಪಟ್ಟಿ ತಪ್ಪು ಉತ್ತರ ಕೊಟ್ಟದ್ದಿದೆ. ಆ ಹುಳು ಭಾರತದಲ್ಲಿಲ್ಲವಾದ್ದರಿಂದ ಇಲ್ಲಿ ಆ ಭಯವಿಲ್ಲ.

ರಕ್ತಲೇಪ, ಪಟ್ಟಿ ಎರಡನ್ನೂ ಒಟ್ಟಿಗೆ ಬಳಸಿದ ಮುಖ್ಯ ಅಧ್ಯಯನವೊಂದು ನಮ್ಮ ನೆರೆಯ ಯಾದಗಿರಿ ಜಿಲ್ಲೆಯಲ್ಲೇ ನಡೆಯಿತು. ಐವರ್ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್ ಮೂರನ್ನೂ ಕೊಡುವುದಕ್ಕೂ ಹಳೆಯ ಎರಡು ಔಷಧಿಗಳ ಪದ್ಧತಿಗೂ ಇರುವ ವ್ಯತ್ಯಾಸವನ್ನು ಅಲ್ಲಿ ಅಳೆದರು. ಮೂರು ಔಷಧಿ ಪಡೆದವರಲ್ಲಿ ಮರಿಹುಳುಗಳಿಂದ ಮುಕ್ತರಾದವರ ಪ್ರಮಾಣ ಹೆಚ್ಚಿತ್ತು. ಮರಿಹುಳು ಮಾಯವಾದವರಲ್ಲೂ ಪಟ್ಟಿಯ ಗೆರೆ ಬಹುಕಾಲ ಉಳಿಯುವುದು ಈ ರೋಗದಲ್ಲಿ ಸಾಮಾನ್ಯ. ಬೆಳೆದ ಹುಳು ಬದುಕಿರುವವರೆಗೆ, ಅದು ಮರಿ ಹಾಕದಿದ್ದರೂ, ಪ್ರತಿಜನಕ ಬರುತ್ತಲೇ ಇರುತ್ತದೆ. ವಯಸ್ಕರಲ್ಲಿ ಪಟ್ಟಿ ಗೆರೆ ತೋರಿದ ಮಾತ್ರಕ್ಕೆ ಔಷಧಿ ಸೋತಿತು ಎನ್ನುವುದು ಈ ಕಾರಣಕ್ಕೆ ದುಡುಕಿನ ತೀರ್ಮಾನ.

ಪ್ರಸಾರ ನಿಂತಿದೆಯೇ ಎಂದು ನೋಡುವ ಸಮೀಕ್ಷೆಯಲ್ಲಿ ಆರು-ಏಳು ವರ್ಷದ ಮಕ್ಕಳನ್ನು ಆಯ್ದುಕೊಳ್ಳುವುದರ ಹಿಂದೆಯೂ ಇದೇ ತರ್ಕವಿದೆ. ಸಾಮೂಹಿಕ ಔಷಧಿ ವಿತರಣೆಯ ಕಾಲದಲ್ಲಿ ಹುಟ್ಟಿದ ಮಗುವಿನಲ್ಲಿ ಪ್ರತಿಜನಕ ಸಿಕ್ಕರೆ ಸೋಂಕು ಇತ್ತೀಚಿನದು. ಕ್ಯೂಲೆಕ್ಸ್ ಸೊಳ್ಳೆಯಿಂದ ರೋಗ ಹರಡುವ ನಮ್ಮಂಥ ಕಡೆ ಪ್ರತಿಜನಕ ಸಿಗುವ ಮಕ್ಕಳು ಶೇ 2ಕ್ಕಿಂತ ಕಡಿಮೆ ಇರಬೇಕು ಎಂಬುದು ಮಿತಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳನ್ನು ಕಂಡು ಸೊಳ್ಳೆಗೆಲ್ಲ ಅವೇ ಕಾರಣ ಎನ್ನುವವರಿದ್ದಾರೆ. ಆದರೆ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡಲು ಬಯಸುವುದು ಚರಂಡಿಯ, ಬಚ್ಚಲ ಗುಂಡಿಯ ಕೊಳಕು ನೀರನ್ನು. ಆ ಸೊಳ್ಳೆಗಳನ್ನು ಹಿಡಿದು ಅವುಗಳಲ್ಲಿ ಹುಳುವಿನ ಡಿಎನ್‌ಎ ಹುಡುಕುವ ಪಿಸಿಆರ್ ವಿಧಾನವೂ ಈಗ ಇದೆ. ಯಾರ ಬೆರಳನ್ನೂ ಚುಚ್ಚದೆ ಊರಿನ ಸ್ಥಿತಿ ತಿಳಿಯಬಹುದು, ಆದರೆ ಅದಕ್ಕೆ ಸುಸಜ್ಜಿತ ಪ್ರಯೋಗಾಲಯ ಬೇಕು.

ಕಾಲು ಊದಿ, ಚರ್ಮ ಗಟ್ಟಿಯಾಗಿ ವರ್ಷಗಳಾದವರ ರಕ್ತದಲ್ಲಿ ಬಹುಪಾಲು ಮರಿಹುಳು ಸಿಗುವುದಿಲ್ಲ, ಪಟ್ಟಿಯೂ ಅನೇಕ ಬಾರಿ ಖಾಲಿ ಬರುತ್ತದೆ. ಹುಳು ಸತ್ತಿದೆ, ಅದು ಕೆಡಿಸಿದ ನಾಳ ಹಾಗೆಯೇ ಉಳಿದಿದೆ. ಪರೀಕ್ಷೆಯ ಫಲಿತಾಂಶವನ್ನಷ್ಟೇ ನೋಡುವ ಸಮೀಕ್ಷೆ ಈ ಜನರನ್ನು ರೋಗವಿಲ್ಲದವರ ಸಾಲಿಗೆ ಸೇರಿಸುತ್ತದೆ. ಇದು ನನಗೆ ಒಪ್ಪಲಾಗದ ಅನ್ಯಾಯ. ಅವರನ್ನು ಗುರುತಿಸುವುದು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಕಣ್ಣಿನಿಂದಲೇ ಆಗಬೇಕು. ಅವರಿಗೆ ಬೇಕಾದದ್ದು ದಿನವೂ ಸೋಪು ನೀರಿನಿಂದ ಕಾಲು ತೊಳೆದು ಒರೆಸುವ ಆರೈಕೆ, ಬೆರಳ ಸಂದಿನ ಗಾಯಕ್ಕೆ ಮುಲಾಮು, ವೃಷಣದಲ್ಲಿ ನೀರು ತುಂಬಿದವರಿಗೆ ಶಸ್ತ್ರಚಿಕಿತ್ಸೆ. ಮಕ್ಕಳ ಸಮೀಕ್ಷೆ ಮಿತಿಯೊಳಗೆ ಬಂದು ಜಿಲ್ಲೆಯಲ್ಲಿ ಔಷಧಿ ವಿತರಣೆ ನಿಂತ ಮೇಲೂ ಹೀಗೆ ಗುರುತಿಸಿದವರಿಗೆ ಈ ಸೇವೆ ಮುಂದುವರಿಯಬೇಕು.