ಕೆಂಪು ಪೆನ್ಸಿಲ್ಲಿನ ಕೆಲಸ

ಫೋಟೊಗ್ರಫಿಗೆ ಹೊಸದಾಗಿ ಕೈಹಾಕಿದವರು ಎಡಿಟಿಂಗ್ ಕಲಿಯಲು ಕೂತರೆ ಮೊದಲು ತೆರೆಯುವುದು ಬೆಳಕು, ಬಣ್ಣ ತಿದ್ದುವ ಸಾಫ್ಟ್‌ವೇರನ್ನು. ಆದರೆ ಪೋಸು ಕೊಡಿಸದೆ, ಜನ ತಮ್ಮ ಪಾಡಿಗೆ ತಾವಿರುವಾಗಲೇ ಹಿಡಿಯುವ ಕ್ಯಾಂಡಿಡ್ ಚಿತ್ರಗಳ ಚರಿತ್ರೆಯಲ್ಲಿ ತಿದ್ದುವುದು ಯಾವತ್ತೂ ಎರಡನೆಯ ಕೆಲಸ; ಆರಿಸುವುದೇ ಮೊದಲನೆಯದು. ಇದಕ್ಕೆ ಒಂದು ಯಂತ್ರವೂ ಕಾರಣ. 1925ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮೆರಾ ಕೋಟಿನ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು. ಸಿನಿಮಾಕ್ಕೆ ಬಳಸುತ್ತಿದ್ದ 35 ಮಿ.ಮೀ. ಫಿಲ್ಮೇ ಅದಕ್ಕೂ ಸಾಕು. ಒಂದು ರೋಲಿಗೆ 36 ಚಿತ್ರ. ಒಂದು ಗಾಜಿನ ಪ್ಲೇಟಿಗೆ ಒಂದೇ ಚಿತ್ರ ಎನ್ನುತ್ತಿದ್ದ ಕಾಲದಲ್ಲಿ ಆಯ್ಕೆಯೆಲ್ಲ ಬಟನ್ ಒತ್ತುವ ಮೊದಲೇ ಮುಗಿದಿರುತ್ತಿತ್ತು. ಲೈಕಾ ಅದನ್ನು ಆಮೇಲಿಗೆ ದೂಡಿತು. 24x36 ಮಿ.ಮೀ. ನೆಗೆಟಿವ್‌ನಲ್ಲಿ ಮುಖಭಾವ ಬರಿಗಣ್ಣಿಗೆ ತಿಳಿಯುವುದು ಕಷ್ಟ. ಹಾಗಾಗಿ ಇಡೀ ರೋಲನ್ನು ತುಂಡು ಮಾಡಿ, ಒಂದೇ ಕಾಗದದ ಮೇಲೆ ಸಾಲಾಗಿಟ್ಟು ಮುದ್ರಿಸಿ, ಭೂತಗನ್ನಡಿಯಲ್ಲಿ ನೋಡಿ, ಬೇಕಾದ ಚಿತ್ರಕ್ಕೆ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕುವ ರೂಢಿ ಬಂತು. ಆ ಹಾಳೆಗೆ ಕಾಂಟ್ಯಾಕ್ಟ್ ಶೀಟ್ ಎಂದು ಹೆಸರು.

ಈ ಹಾಳೆಯ ಬಲ ಏನೆಂಬುದಕ್ಕೆ ಫೋಟೊಗ್ರಾಫರ್ ರಾಬರ್ಟ್ ಫ್ರಾಂಕ್‌ನ ‘ದಿ ಅಮೆರಿಕನ್ಸ್’ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸ್ವಿಟ್ಜರ್ಲೆಂಡಿನಿಂದ ಬಂದ ಈತ 1955-56ರಲ್ಲಿ ಅಮೆರಿಕವನ್ನು ಸುತ್ತಿ 767 ರೋಲು, ಅಂದರೆ ಸುಮಾರು 27,000 ಚಿತ್ರ ತೆಗೆದ. ಅವುಗಳಲ್ಲಿ ಸಾವಿರದಷ್ಟನ್ನು ಮುದ್ರಿಸಿ ನೋಡಿದ. 1958ರಲ್ಲಿ ಪ್ಯಾರಿಸ್‌ನಲ್ಲಿ ಹೊರಬಂದ ಪುಸ್ತಕದಲ್ಲಿ ಉಳಿದದ್ದು 83. ಮಯಾಮಿ ಬೀಚಿನ ಹೋಟೆಲೊಂದರ ಲಿಫ್ಟ್ ನಡೆಸುವ ಹುಡುಗಿಯ ಚಿತ್ರ ಆ ಪುಸ್ತಕದಲ್ಲಿದೆ. ಕಾಂಟ್ಯಾಕ್ಟ್ ಶೀಟಿನಲ್ಲಿ ಅವಳ ಚಿತ್ರಗಳು ಹಲವು; ಕೆಲವುಗಳಲ್ಲಿ ಕ್ಯಾಮೆರಾದ ಅರಿವು ಅವಳಿಗೆ ಚೆನ್ನಾಗಿಯೇ ಇದೆ. ಫ್ರಾಂಕ್ ಉಳಿಸಿಕೊಂಡದ್ದು ಅವಳು ಯಾರನ್ನೂ ನೋಡದೆ ಎತ್ತಲೋ ಕಣ್ಣು ನೆಟ್ಟಿರುವುದನ್ನು. ನಾವು ಕಾಣುವ ಅವಳ ಒಂಟಿತನ ಅರ್ಧ ಲಿಫ್ಟಿನಲ್ಲಿ ಹುಟ್ಟಿದರೆ ಇನ್ನರ್ಧ ಮೇಜಿನ ಮೇಲೆ ಹುಟ್ಟಿತು.

ಒಳ್ಳೆಯ ಕ್ಯಾಂಡಿಡ್ ಚಿತ್ರ ಆ ಕ್ಷಣದಲ್ಲೇ ಪೂರ್ಣವಾಗಿರಬೇಕು, ಆಮೇಲೆ ಮುಟ್ಟಬಾರದು ಎನ್ನುವವರು ಇದನ್ನು ಒಪ್ಪಲಾರರು. ಅವರು ಹೆಸರಿಸುವುದು ಫ್ರೆಂಚ್ ಫೋಟೊಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸೋನ್‌ನನ್ನು. ಚಿತ್ರದ ಅಂಚು ಕತ್ತರಿಸುವುದನ್ನು ಆತ ಒಪ್ಪುತ್ತಿರಲಿಲ್ಲ, ನಿಜ. ಆದರೆ 1932ರಲ್ಲಿ ಪ್ಯಾರಿಸ್‌ನ ಸ್ಯಾಂ-ಲಜಾರ್ ನಿಲ್ದಾಣದ ಹಿಂದೆ ನೀರು ದಾಟಲು ಜಿಗಿದವನ ಚಿತ್ರ, ಅವನ ಅತಿ ಪ್ರಸಿದ್ಧ ಚಿತ್ರವೇ, ಕತ್ತರಿಸಿದ್ದು. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಹಲಗೆಯೊಂದು ಎಡಬದಿಯನ್ನು ಮುಚ್ಚಿತ್ತು. ಅವನ ಚಿತ್ರಗಳ ಕಪ್ಪು-ಬಿಳುಪಿನ ಹದವನ್ನು ಡಾರ್ಕ್‌ರೂಮಿನಲ್ಲಿ ಕೂಡಿಸಿದ್ದು ಪಳಗಿದ ಮುದ್ರಕರು. ಅವನ ನಿಯಮವನ್ನು ಪಾಠವಾಗಿ ಇಟ್ಟುಕೊಳ್ಳಲಿ, ಶಾಸನವಾಗಿ ಬೇಡ.

ಫಿಲ್ಮಿಗೆ ದುಡ್ಡು ಬೀಳುತ್ತಿದ್ದ ಕಾಲದ ಶಿಸ್ತು ಡಿಜಿಟಲ್ ಕಾಲಕ್ಕೆ ಯಾಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇದಕ್ಕೆ ಉತ್ತರ ನ್ಯೂಯಾರ್ಕಿನ ಗ್ಯಾರಿ ವಿನೋಗ್ರಾಂಡ್. ಖರ್ಚಿಗೆ ಕೈ ಹಿಡಿಯದೆ ಬೀದಿಯಲ್ಲಿ ಚಿತ್ರ ತೆಗೆಯುತ್ತಿದ್ದ ಆತ ರೋಲುಗಳನ್ನು ತೊಳೆಯದೆ ವರ್ಷಗಟ್ಟಲೆ ಇಡುತ್ತಿದ್ದ. ತೆಗೆಯುವಾಗಿನ ಉಮೇದು ಮರೆತುಹೋಗಲಿ, ಚಿತ್ರ ತನ್ನ ಕಾಲ ಮೇಲೆ ನಿಲ್ಲುತ್ತದೋ ಇಲ್ಲವೋ ಕಾಣಲಿ ಎಂಬುದು ಅವನ ಲೆಕ್ಕ. ಸಂಜೆ ತೆಗೆದದ್ದನ್ನು ರಾತ್ರಿಯೇ ತಿದ್ದಿ ಹಂಚುವವರಿಗೆ ಸಿಗದ ದೂರ ಅದು. ಆ ದೂರ ಅತಿಯಾದರೆ ಏನಾಗುತ್ತದೆಂಬುದಕ್ಕೂ ಅವನೇ ಉದಾಹರಣೆ. 1984ರಲ್ಲಿ ಸತ್ತಾಗ ತೊಳೆಯದ ಸುಮಾರು 2,500 ರೋಲು ಉಳಿದಿದ್ದವು. ತೊಳೆದರೂ ಕಾಂಟ್ಯಾಕ್ಟ್ ಶೀಟ್ ಮಾಡದವು ಸುಮಾರು 6,500. ಆಮೇಲೆ ಅವುಗಳಿಂದ ಪ್ರದರ್ಶನಕ್ಕೆ ಚಿತ್ರ ಆರಿಸಿದವರು ಬೇರೆಯವರು. ಆ ಚಿತ್ರಗಳನ್ನು ವಿನೋಗ್ರಾಂಡ್‌ನವೆಂದು ಎಷ್ಟರ ಮಟ್ಟಿಗೆ ಕರೆಯಬಹುದೆಂಬ ಜಗಳ ಇನ್ನೂ ತೀರಿಲ್ಲ.